ಮರಿ ಮಾಡಿಸುವ ಮುನ್ನ, ಮರಿ ಕೊಡುವ ಮುನ್ನ

ನನ್ನ ಹೆಣ್ಣು ನಾಯಿಗೆ ಎರಡು ವರ್ಷ ತುಂಬಿದ್ದೇ ತಡ, ನೋಡಿದವರೆಲ್ಲ ಕೇಳತೊಡಗಿದರು: ‘ಇವಳಿಂದ ಯಾವಾಗ ಮರಿ ಮಾಡಿಸುತ್ತೀರಿ?’ ಮೈಕಟ್ಟು, ಗುಣ, ಚುರುಕುತನ ಯಾವುದರಲ್ಲೂ ಅವಳಿಗೆ ಕೊರತೆಯಿರಲಿಲ್ಲವಾದ್ದರಿಂದ ನನಗೂ ಆ ಆಸೆಯಿತ್ತು. ಆದರೂ ಮೊದಲು ಸೊಂಟದ ಎಕ್ಸ್‌ರೇ ತೆಗೆಸಿದೆ. ತೊಡೆಮೂಳೆಯ ಗುಂಡಾದ ತಲೆ ಸೊಂಟದ ಕುಳಿಯೊಳಗೆ ಸರಿಯಾಗಿ ಕೂರದೆ, ಎಡಗಡೆಯಲ್ಲಿ ಅರ್ಧದಷ್ಟು ಹೊರಗೇ ಉಳಿದಿರುವುದನ್ನು ಪಶುವೈದ್ಯರು ಬೆರಳಿಟ್ಟು ತೋರಿಸಿದರು. ಅವಳು ಅಂದಿನವರೆಗೆ ಒಮ್ಮೆಯೂ ಕುಂಟಿದವಳಲ್ಲ. ಆ ಚಿತ್ರ ತೆಗೆಸದಿದ್ದರೆ ನಾನು ನಿಶ್ಚಿಂತೆಯಿಂದ ಮರಿ ಮಾಡಿಸುತ್ತಿದ್ದೆ, ವಂಶದಲ್ಲಿ ಇಳಿದುಬರುವ ಆ ದೋಷದ ನೋವು ಮರಿಗಳ ಮೂಲಕ ಎಷ್ಟೋ ಮನೆಗಳಿಗೆ ಹಂಚಿಹೋಗುತ್ತಿತ್ತು. ಮರುತಿಂಗಳು ಅವಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆ.

ಕಣ್ಣಿಗೆ ಕಾಣುವ ಆರೋಗ್ಯವನ್ನು ನಂಬಿ ಜೋಡಿ ಮಾಡುವುದು ಎಷ್ಟು ಅಪಾಯಕರವೆಂಬುದು ನನಗೆ ಅರ್ಥವಾದದ್ದು ಆಗಲೇ. ದೃಷ್ಟಿಪಟಲ ಕ್ರಮೇಣ ಕ್ಷೀಣಿಸಿ ಕುರುಡುತನ ತರುವ ಕಾಯಿಲೆ ಹಲವು ತಳಿಗಳಲ್ಲಿ ಅಪ್ರಬಲ ಜೀನಿನಿಂದ, ಎಂದರೆ ತಂದೆತಾಯಿ ಎರಡರಿಂದಲೂ ಬಂದಾಗ ಮಾತ್ರ ಕಾಯಿಲೆ ತರುವ ಜೀನಿನಿಂದ, ಬರುತ್ತದೆ. ಅಂಥ ಜೀನಿನ ಒಂದೇ ಪ್ರತಿಯನ್ನು ಹೊತ್ತ ಗಂಡು ಹೆಣ್ಣು ಎರಡಕ್ಕೂ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಆದರೆ ಅವೆರಡು ಕೂಡಿದರೆ ಹುಟ್ಟುವ ಪ್ರತಿ ಮರಿಗೂ ಆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಡಿಎನ್‌ಎ ಪರೀಕ್ಷೆಯಿಂದ ಇದನ್ನು ಮೊದಲೇ ತಿಳಿಯಬಹುದು. ಸೊಂಟದ ದೋಷದ ಲೆಕ್ಕ ಇಷ್ಟು ಸರಳವಲ್ಲ. ಅದರ ಹಿಂದೆ ಅನೇಕ ಜೀನುಗಳಿರುವುದರಿಂದ, ತಂದೆತಾಯಿಗಳ ಜೊತೆಗೆ ಅವುಗಳ ಒಡಹುಟ್ಟುಗಳ ಎಕ್ಸ್‌ರೇಯನ್ನೂ ಕೇಳಿ ನೋಡುವುದು ಒಳ್ಳೆಯದು. ಜೋಡಿ ಮಾಡುವ ಮುನ್ನ ಎರಡೂ ನಾಯಿಗಳಿಗೆ ಬ್ರೂಸೆಲ್ಲಾ ಪರೀಕ್ಷೆಯಂತೂ ಆಗಲೇಬೇಕು. ಗಬ್ಬ ಕಳೆಯುವ ಆ ಸೋಂಕು ಮನುಷ್ಯರಿಗೂ ಹರಡುತ್ತದೆ.

ಮುಂದೆ ಸಾಕಿದ ಇನ್ನೊಂದು ನಾಯಿ ಈ ಪರೀಕ್ಷೆಗಳನ್ನೆಲ್ಲ ದಾಟಿತು. ಅವಳಿಂದ ಎರಡು ಸೂಲು ಪಡೆದೆ. ಗಬ್ಬದ ಅವಧಿ ಸುಮಾರು 63 ದಿನ. ಆ ದಿನಗಳಲ್ಲಿ ಒಳ್ಳೆಯದಾಗಲೆಂದು ಕ್ಯಾಲ್ಸಿಯಂ ಮಾತ್ರೆ ಕೊಡುವವರಿದ್ದಾರೆ, ದಯವಿಟ್ಟು ವೈದ್ಯರು ಹೇಳದೆ ಕೊಡಬೇಡಿ. ಹೊರಗಿನಿಂದ ಧಾರಾಳವಾಗಿ ಸಿಕ್ಕಾಗ ದೇಹವು ತನ್ನ ಮೂಳೆಗಳಿಂದ ಕ್ಯಾಲ್ಸಿಯಂ ಬಿಡಿಸಿಕೊಳ್ಳುವುದರಲ್ಲಿ ಹಿಂದೆ ಬೀಳುತ್ತದೆ, ಆಮೇಲೆ ಹಾಲೂಡುವಾಗ ರಕ್ತದಲ್ಲಿ ಅದು ಕುಸಿದು ತಾಯಿಗೆ ನಡುಕ, ಸೆಳವು ಬರಬಹುದು.

ಮೊದಲ ಸೂಲಿನಲ್ಲಿ ಆರು ಮರಿಗಳು. ಹುಟ್ಟಿದ ಮರಿಗೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ, ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯೂ ಇಲ್ಲ. ತಣ್ಣಗಾದ ಮರಿಗೆ ಹಾಲು ಜೀರ್ಣವಾಗುವುದಿಲ್ಲವಾದ್ದರಿಂದ ಮೊದಲು ಬಿಸಿ, ಆಮೇಲೆ ಹಾಲು. ಅಡುಗೆಮನೆಯ ತಕ್ಕಡಿಯ ಮೇಲೆ ಬಟ್ಟೆ ಹಾಸಿ ದಿನಕ್ಕೆರಡು ಸಲ ತೂಗಿ ಬರೆದಿಡುತ್ತಿದ್ದೆ. ಹುಟ್ಟಿದಾಗ 340 ಗ್ರಾಂ ಇದ್ದ ಕೊನೆಯ ಮರಿ ಮರುದಿನ 331, ಅದರ ಮರುದಿನ 318. ಮೊದಲ ದಿನ ತುಸು ಇಳಿಯುವುದು ಸಹಜ, ಎರಡನೆಯ ದಿನವೂ ಇಳಿದರೆ ಸುಮ್ಮನಿರಬಾರದು. ದಪ್ಪ ಮರಿಗಳನ್ನು ಬದಿಗಿಟ್ಟು ಅದನ್ನೊಂದನ್ನೇ ಮೊಲೆಗೆ ಹಿಡಿದು, ಎರಡು ಗಂಟೆಗೊಮ್ಮೆ ಎದ್ದು ಕೂತೆ. ನಾಲ್ಕನೆಯ ಬೆಳಿಗ್ಗೆ ತಕ್ಕಡಿ 326 ತೋರಿಸಿದಾಗ ಆದ ಸಮಾಧಾನ ಇಂದಿಗೂ ನೆನಪಿದೆ.

ಇಷ್ಟೆಲ್ಲ ಮಾಡಿದ ನಾನು ಎಡವಿದ್ದು ಆಮೇಲೆ. ತುಂಬಾ ಒತ್ತಾಯ ಮಾಡಿದರೆಂದು ಒಂದು ಮರಿಯನ್ನು ಐದೇ ವಾರಕ್ಕೆ ಕೊಟ್ಟುಬಿಟ್ಟೆ. ಒಡಹುಟ್ಟುಗಳೊಡನೆ ಕಚ್ಚಾಡುವಾಗ ಜೋರಾಗಿ ಹಲ್ಲು ಊರಿದರೆ ಎದುರಿನದು ಕಿರುಚಿ ಆಟ ಬಿಟ್ಟು ಹೋಗುತ್ತದೆ, ಹಾಗೆಯೇ ಮರಿ ಬಾಯಿ ಹಗುರಾಗಿಸುವುದನ್ನು ಕಲಿಯುತ್ತದೆ. ಆ ಪಾಠ ಇದಕ್ಕೆ ಸಿಗಲಿಲ್ಲ. ಹೋದ ಮನೆಯಲ್ಲಿ ಕೈ ಹಿಡಿದರೆ ಬಿಡುತ್ತಿರಲಿಲ್ಲವಂತೆ. ಏಳು ತಿಂಗಳಿಗೆ ನಮ್ಮಲ್ಲಿಗೇ ಮರಳಿತು. ತಪ್ಪು ಅವರದಲ್ಲ, ಮರಿಯದೂ ಅಲ್ಲ. ಎಂಟು ವಾರಕ್ಕೆ ಮುಂಚೆ ನಾನು ಈಗ ಯಾರಿಗೂ ಮರಿ ಕೊಡುವುದಿಲ್ಲ.

ಮೂರನೆಯ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೆಯ ವಾರದವರೆಗಿನ ಕಾಲವೇ ಮರಿಯ ಮನಸ್ಸು ಲೋಕಕ್ಕೆ ತೆರೆದಿರುವ ಕಾಲ. 1961ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, 14 ವಾರಗಳವರೆಗೆ ಮನುಷ್ಯರ ಒಡನಾಟವಿಲ್ಲದೆ ಬೆಳೆದ ಮರಿಗಳು ಕಾಡುಪ್ರಾಣಿಗಳಂತೆ ಮನುಷ್ಯರಿಗೆ ಹೆದರಿದವು. ಇದನ್ನು ಓದಿದ ಮೇಲೆ ಎರಡನೆಯ ಸೂಲಿನ ಮರಿಗಳ ಮುಂದೆ ದಿನಕ್ಕೊಂದು ಹೊಸದನ್ನು ಇಟ್ಟೆ: ಟೋಪಿ ಹಾಕಿದವರು, ಮಕ್ಕಳು, ಕೊಡೆ, ಕುಕ್ಕರಿನ ಸೀಟಿ. ನೆಲಕ್ಕೆ ಬಿದ್ದ ಸ್ಟೀಲ್ ತಟ್ಟೆಯ ಸದ್ದಿಗೆ ಒಂದು ಮರಿ ಹಿಂದಕ್ಕೆ ಹಾರಿ, ಮೂತಿ ಚಾಚಿ ಮೂಸಿ, ಕೊನೆಗೆ ತಟ್ಟೆಯೊಳಗೇ ಕಾಲಿಟ್ಟು ನಿಂತಿತು. ಹಾಗೆ ತಾನಾಗಿ ಮುಂದೆ ಬರಲು ಬಿಡಬೇಕು, ಹೆದರಿದ ಮರಿಯನ್ನು ತಳ್ಳಬಾರದು.

ಲಸಿಕೆ ಮುಗಿಯುವವರೆಗೆ ಹೊರಗೆ ಬಿಡಬೇಡಿ ಎಂಬ ಮಾತಿನಲ್ಲಿ ಅರ್ಥವಿದೆ. ತಾಯಿಯಿಂದ ಬಂದ, ರೋಗ ತಡೆಯುವ ಪ್ರತಿಕಾಯಗಳು ಮರಿಯ ಮೈಯಲ್ಲಿರುವವರೆಗೆ ಲಸಿಕೆಯನ್ನೇ ನಿಷ್ಫಲಗೊಳಿಸಬಲ್ಲವು, ಆದ್ದರಿಂದಲೇ ಆರರಿಂದ ಎಂಟು ವಾರಕ್ಕೆ ಆರಂಭಿಸಿ 16 ವಾರಗಳಾಗುವವರೆಗೆ ಮತ್ತೆ ಮತ್ತೆ ಹಾಕಿಸುತ್ತಾರೆ. ಆದರೆ ಅಷ್ಟು ದಿನ ನಾಲ್ಕು ಗೋಡೆಗಳ ನಡುವೆಯೇ ಇಟ್ಟರೆ ಕಲಿಯುವ ಕಾಲ ಮುಗಿದುಹೋಗಿರುತ್ತದೆ. ನಾನು ಮರಿಗಳನ್ನು ತೋಳಿನಲ್ಲಿ ಎತ್ತಿಕೊಂಡೇ ಬೀದಿ ತೋರಿಸುತ್ತೇನೆ, ಲಸಿಕೆಯಾದ ಶಾಂತ ನಾಯಿಗಳಿರುವ ಮನೆಗಳಿಗೆ ಒಯ್ಯುತ್ತೇನೆ, ಬೇರೆ ನಾಯಿಗಳು ಮಲಮೂತ್ರ ಮಾಡುವ ಕಡೆ ಮಾತ್ರ ಇಳಿಸುವುದಿಲ್ಲ.

ಮರಿ ಕೇಳಿ ಬಂದವರಿಗೆ ನಾನು ಮೊದಲು ತಾಯಿಯನ್ನು ತೋರಿಸುತ್ತೇನೆ, ಆಮೇಲೆ ಎಕ್ಸ್‌ರೇ, ಪರೀಕ್ಷೆಯ ವರದಿ, ತೂಕದ ಪುಸ್ತಕ. ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ನಾಯಿಯನ್ನು ನನಗೇ ಹಿಂದಿರುಗಿಸಬೇಕೆಂದು ಬರೆಸಿಕೊಳ್ಳುತ್ತೇನೆ. ಐದು ವಾರಕ್ಕೆ ಹೋಗಿ ಏಳು ತಿಂಗಳಿಗೆ ಮರಳಿದವನು ಈಗ ನಮ್ಮ ಮನೆಯಲ್ಲೇ ಇದ್ದಾನೆ. ಬಂದವರು ಅವನ ತಲೆ ನೇವರಿಸಲು ಕೈ ಚಾಚಿದಾಗ, ಮೊದಲು ಅವನೇ ಹತ್ತಿರ ಬರಲಿ ಎಂದು ಅವರಿಗೆ ಹೇಳುತ್ತೇನೆ.