ನೋಟ್‌ಬುಕ್ಕಿನಲ್ಲಿದ್ದ ಪದ ಬಾಯಿಗೆ ಯಾಕೆ ಬರಲಿಲ್ಲ

ನನ್ನ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇದೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ದಿನಕ್ಕೆ 20 ಪದ ಬರೆದುಕೊಂಡು, ಮಲಗುವ ಮುಂಚೆ ಮೇಲಿಂದ ಕೆಳಗೆ ಮೂರು ಸಲ ಓದುತ್ತಿದ್ದೆ. ಓದುವಾಗ ಎಲ್ಲವೂ ಗೊತ್ತು ಅನ್ನಿಸುತ್ತಿತ್ತು. ಆದರೆ ಒಂದು ಇಂಟರ್‌ವ್ಯೂನಲ್ಲಿ ‘ಮೊದಲು ಆ ಕೆಲಸಕ್ಕೆ ಹಿಂದೇಟು ಹಾಕಿದ್ದೆ’ ಅಂತ ಹೇಳಬೇಕಾಯಿತು. ಅದಕ್ಕೆ ಬೇಕಾದ ‘ರಿಲಕ್ಟೆಂಟ್’ ಅನ್ನು ಒಂದು ಪುಟದ ಕೆಳಗಡೆ, ನೀಲಿ ಇಂಕಿನಲ್ಲಿ ಬರೆದಿದ್ದ ಜಾಗ ಕಣ್ಣ ಮುಂದೆ ಬಂತು, ಆದರೆ ಪದ ಮಾತ್ರ ಬಾಯಿಗೆ ಬರಲೇ ಇಲ್ಲ. ಅವತ್ತು ತುಂಬಾ ಬೇಜಾರಾಯಿತು.

ಆಮೇಲೆ ಯೋಚಿಸಿದಾಗ ಹೊಳೆಯಿತು. ನಾನು ಅಷ್ಟು ದಿನ ಅಭ್ಯಾಸ ಮಾಡಿದ್ದು ಪದ ಕಂಡಾಗ ಗುರುತು ಹಿಡಿಯುವುದನ್ನು. ಬೇಕಾದಾಗ ಒಳಗಿನಿಂದ ಎಳೆದು ತರುವುದು ಬೇರೆಯೇ ಕೆಲಸ, ಅದನ್ನು ಒಂದು ದಿನವೂ ಮಾಡಿರಲಿಲ್ಲ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದರು. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಮುಂದಿದ್ದವರು ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡು ಬರೆದವರು. ಅಂದರೆ ರಾತ್ರಿ ಓದುವಾಗ ನನಗೆ ಸಿಗುತ್ತಿದ್ದದ್ದು ಆ ಐದು ನಿಮಿಷದ ಧೈರ್ಯ ಅಷ್ಟೇ, ಅಲ್ವಾ?

ಈಗ ಕನ್ನಡದ ಕಡೆಯಿಂದ ಶುರು ಮಾಡುತ್ತೇನೆ. ಚೀಟಿಯ ಮುಂದೆ ಕನ್ನಡ ವಾಕ್ಯ, ಹಿಂದೆ ಇಂಗ್ಲಿಷ್. ಮೊದಲು ಬಾಯಿಬಿಟ್ಟು ಹೇಳಬೇಕು, ತಪ್ಪಾದರೂ ಸರಿ, ಆಮೇಲೆ ತಿರುಗಿಸಿ ನೋಡಬೇಕು. ಚೀಟಿಗಳನ್ನು ಡಬ್ಬಿಗಳಲ್ಲಿ ಇಡುವ ವಿಧಾನವನ್ನು ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಬರಹಗಾರರು 1972ರಲ್ಲಿ ಹೇಳಿಕೊಟ್ಟಿದ್ದರು. ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ, ಅದನ್ನು ತಡವಾಗಿ ನೋಡಿದರೆ ಸಾಕು. ತಪ್ಪಿದ್ದು ಮತ್ತೆ ಮೊದಲನೇ ಡಬ್ಬಿಗೆ. ಫೋನಿನಲ್ಲೇ ಚೀಟಿ ತೋರಿಸುವ ಆ್ಯಂಕಿ ಥರದ ಆ್ಯಪ್‌ಗಳು ಇಂಥದ್ದೇ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತವೆ.

ಆದರೆ ನನಗೆ ಜಾಸ್ತಿ ಉಪಯೋಗವಾಗಿದ್ದು ಇನ್ನೊಂದು ವಿಷಯ. ಒಂದು ಪದಕ್ಕೆ ಒಂದು ಅರ್ಥ ಅಂತ ಬರೆಯುವುದನ್ನು ನಿಲ್ಲಿಸಿದೆ. ನಮ್ಮ ‘ನೋಡು’ ತಗೊಳ್ಳಿ. ಇಂಗ್ಲಿಷಿನಲ್ಲಿ ಅದು ಸೀ, ಲುಕ್, ವಾಚ್ ಅಂತ ಒಡೆದು ಹೋಗುತ್ತದೆ. ಮೂರರ ಎದುರಿಗೂ ಸುಮ್ನೆ ‘ನೋಡು’ ಅಂತ ಬರೆದರೆ ಯಾವುದನ್ನು ಎಲ್ಲಿ ಬಳಸುವುದು ಅಂತ ಹೇಗೆ ಗೊತ್ತಾಗಬೇಕು? ಇಂಗ್ಲಿಷಿನ ‘ಬಾರೋ’ (borrow), ‘ಲೆಂಡ್’ (lend) ಕೂಡ ಹಾಗೇ. ನಾವು ‘ಸಾಲ’ ಅನ್ನುವ ಒಂದೇ ಪದ ಇಟ್ಟುಕೊಂಡು ತಗೋ, ಕೊಡು ಅಂತ ಬದಲಿಸುತ್ತೇವೆ, ಅವರದ್ದು ಎರಡು ಬೇರೆ ಪದ. ಇವೆರಡನ್ನೂ ಒಂದೇ ದಿನ ಕಲಿತು ವರ್ಷಗಟ್ಟಲೆ ಅದಲು ಬದಲು ಮಾಡುತ್ತಿದ್ದೆ. ಅದಕ್ಕೇ ಈಗ ಜೋಡಿ ಪದಗಳನ್ನು ಒಟ್ಟಿಗೆ ಕಲಿಯುವುದಿಲ್ಲ. ಒಂದು ಗಟ್ಟಿಯಾದ ಮೇಲೇ ಇನ್ನೊಂದು.

ಪದಗಳಿಗೆ ಜೊತೆಗಾರರೂ ಇರುತ್ತಾರೆ. ನಾವು ಬಿರುಬಿಸಿಲು, ಜಡಿಮಳೆ ಅನ್ನುತ್ತೇವೆ, ಯಾರೂ ಜಡಿಬಿಸಿಲು ಅನ್ನುವುದಿಲ್ಲ. ಇದನ್ನು ನಮಗೆ ಯಾರೂ ಪಾಠ ಮಾಡಲಿಲ್ಲ, ಕೇಳಿ ಕೇಳಿ ಬಂತು. ಇಂಗ್ಲಿಷಿನಲ್ಲೂ ಹಾಗೇ, ಮಳೆ ಹೆವಿ, ಗಾಳಿ ಸ್ಟ್ರಾಂಗ್. ಡಿಸಿಷನ್ ಜೊತೆ ಮೇಕ್ ಬರುತ್ತದೆ, ಡೂ ಬರುವುದಿಲ್ಲ. ಅದಕ್ಕೇ ಚೀಟಿಯಲ್ಲಿ ಪದವನ್ನು ಒಂಟಿಯಾಗಿ ಬಿಡುವುದಿಲ್ಲ, ಅದರ ಜೊತೆ ಬರುವುದನ್ನೂ ಸೇರಿಸಿ ಬರೆಯುತ್ತೇನೆ.

ದಿನಕ್ಕೆ 20 ಇದ್ದದ್ದು ಈಗ ಐದಕ್ಕೆ ಇಳಿದಿದೆ. ಹಳೇ ನೋಟ್‌ಬುಕ್ಕನ್ನು ಎಸೆದಿಲ್ಲ. ಅದರಿಂದ ಒಂದೊಂದೇ ಪದ ತೆಗೆದು ವಾಕ್ಯ ಮಾಡಿ ಚೀಟಿಗೆ ಹಾಕುತ್ತಿದ್ದೇನೆ, ಮೊದಲ ಚೀಟಿ ಯಾವುದು ಅಂದರೆ: ‘ಐ ವಾಸ್ ರಿಲಕ್ಟೆಂಟ್ ಟು ಆಸ್ಕ್.’