ಸಿಂಹ ಎಲ್ಲಿ ಅಂತ ಕೇಳುವ ಮುಂಚೆ

ಕನ್ನಡದ ಪ್ರವಾಸಿ ತಂಡಗಳನ್ನು ತಾಂಜಾನಿಯಾಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಹೆಚ್ಚಾಗಿ ಹೋಗುವುದು ತರಂಗಿರೆ ರಾಷ್ಟ್ರೀಯ ಉದ್ಯಾನಕ್ಕೆ. ಸೆರೆಂಗೆಟಿ ಅಂದರೆ ಎಲ್ಲರಿಗೂ ಗೊತ್ತು, ತರಂಗಿರೆ ಅಂದರೆ "ಅದ್ಯಾವುದು ಸರ್?" ಅಂತಾರೆ. ಅರುಷಾ ಊರಿನಿಂದ ಸುಮಾರು 120 ಕಿಲೋಮೀಟರ್ ದೂರ. 1970ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ವಿಸ್ತಾರ ಸುಮಾರು 2,850 ಚದರ ಕಿಲೋಮೀಟರ್. ನನ್ನನ್ನು ಕೇಳಿದರೆ ಸೆರೆಂಗೆಟಿಗಿಂತ ಇದೇ ಚೆಂದ. ಕಾರಣ ಇಲ್ಲಿನ ಮರಗಳು.

ಇದಕ್ಕೂ ಮೊದಲು ಕಬಿನಿ ಕಡೆ ಒಂದು ರೆಸಾರ್ಟಿನಲ್ಲಿ ನ್ಯಾಚುರಲಿಸ್ಟ್ ಆಗಿದ್ದೆ. ಅಲ್ಲಿ ಕೆಲಸವೆಲ್ಲ ಕಿವಿಗೆ. ಕಡವೆ ಕೂಗಿತಾ, ಮುಸುವ ಕೆಮ್ಮಿತಾ, ಜೀಪ್ ಆಫ್ ಮಾಡು, ಕಾಯಿ. ಪೊದೆಯ ಹಿಂದೆ ಹತ್ತು ಅಡಿ ದೂರದಲ್ಲಿ ಹುಲಿ ಇದ್ದರೂ ಕಾಣುವುದಿಲ್ಲ, ಬೇರೆ ಪ್ರಾಣಿಗಳು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ತರಂಗಿರೆಯಲ್ಲಿ ಕಣ್ಣಿಗೆ ಜಾಸ್ತಿ ಕೆಲಸ. ನಾಲ್ಕು ಜಿರಾಫೆ ಮೇಯುವುದು ಬಿಟ್ಟು ಒಂದೇ ಕಡೆ ನೋಡುತ್ತಾ ನಿಂತರೆ ಆ ದಿಕ್ಕಿಗೆ ಬೈನಾಕ್ಯುಲರ್ ತಿರುಗಿಸಬೇಕು. ರಣಹದ್ದುಗಳು ಮರದ ಮೇಲೆ ಕೂತು ಕೆಳಗೆ ಇಳಿಯದೆ ಕಾಯುತ್ತಿದ್ದರೆ, ಹೆಣದ ಪಕ್ಕದಿಂದ ಯಾರೋ ಇನ್ನೂ ಎದ್ದು ಹೋಗಿಲ್ಲ ಅಂತ ಅರ್ಥ.

ಇದೆಲ್ಲ ಬೇಗ ಅಭ್ಯಾಸವಾಗುತ್ತದೆ. ನನಗೆ ವರ್ಷಗಳೇ ಹಿಡಿದದ್ದು ಹುಲ್ಲು ನೋಡುವುದನ್ನು ಕಲಿಯಲು. ನಮ್ಮ ತಂಡಗಳ ಜೊತೆ ಬರುವ ಡ್ರೈವರ್-ಗೈಡ್ ಒಬ್ಬರಿದ್ದಾರೆ. ಹಿರಿಯರು, ಎಲ್ಲರೂ ಅವರನ್ನು "ಮ್ಜೇ" ಅಂತಲೇ ಕರೆಯುವುದು, ಸ್ವಾಹಿಲಿಯಲ್ಲಿ ಹಿರಿಯರು ಅಂತಲೇ ಅರ್ಥ. ಗೇಟು ದಾಟಿದ ಕೂಡಲೇ ಉಳಿದ ಗಾಡಿಯವರು ರೇಡಿಯೋ ಹಿಡಿದು "ಸಿಂಬಾ ಎಲ್ಲಿ, ಚುಯಿ ಎಲ್ಲಿ" (ಸಿಂಹ ಎಲ್ಲಿ, ಚಿರತೆ ಎಲ್ಲಿ) ಅಂತ ವಿಚಾರಿಸುತ್ತಾರೆ. ಇವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಹುಲ್ಲು ನೋಡುತ್ತಾರೆ. ಎಷ್ಟು ಎತ್ತರ ಇದೆ, ಯಾವ ಕಡೆ ಇನ್ನೂ ಹಸಿರಿದೆ, ಎಲ್ಲಿ ಬುಡದ ತನಕ ಮೇಯ್ದಿದೆ. ಆಮೇಲೆ ಗೇರ್ ಹಾಕುವುದು. ಶುರುವಿನಲ್ಲಿ ನನಗೆ ಇದು ಸುಮ್ನೆ ಟೈಮ್ ಕಳೆಯೋದು ಅನ್ನಿಸುತ್ತಿತ್ತು. ಆದರೆ ದಿನದ ಕೊನೆಗೆ ಜಾಸ್ತಿ ಪ್ರಾಣಿ ನೋಡಿದವರು ಯಾವಾಗಲೂ ಅವರ ಗಾಡಿಯವರೇ.

ಲೆಕ್ಕ ಹೀಗಿದೆ. ಜೀಬ್ರಾದ ಹೊಟ್ಟೆಗೆ ಒರಟು ಹುಲ್ಲೂ ಆಗುತ್ತದೆ. ಎತ್ತರದ ಕಡ್ಡಿ ಕಡ್ಡಿ ಹುಲ್ಲನ್ನು ಮೊದಲು ಮೇಯುವುದು ಅದೇ. ಮೇಲಿನ ಒರಟು ಹೋದ ಮೇಲೆ ಕೆಳಗಿನ ಎಲೆ ದೊಡ್ಡ ಹುಲ್ಲೆ ಜಾತಿಯ ವಿಲ್ಡೆಬೀಸ್ಟ್‌ಗೆ ಸಿಗುತ್ತದೆ. ಅದೂ ಮೇಯ್ದ ಮೇಲೆ ಚಿಗುರುವ ಗಿಡ್ಡ ಹುಲ್ಲಿಗೆ ಪುಟ್ಟ ಹುಲ್ಲೆಗಳಾದ ಗೆಜೆಲ್‌ಗಳು ಬರುತ್ತವೆ. ಹಾಗಾಗಿ ಹುಲ್ಲಿನ ಎತ್ತರ ನೋಡಿದರೆ ಯಾರು ಬಂದು ಹೋದರು, ಯಾರು ಬರಬೇಕು ಅಂತ ಸುಮಾರಾಗಿ ಹೇಳಬಹುದು. ಇವು ಇರುವ ಕಡೆ ಸಿಂಹ ಬಂದೇ ಬರುತ್ತದೆ. ಮ್ಜೇ ಸಿಂಹ ಹುಡುಕುವುದಿಲ್ಲ, ಸಿಂಹದ ಊಟ ಹುಡುಕುತ್ತಾರೆ.

ಮಣ್ಣೂ ಅಷ್ಟೇ. ಉದ್ಯಾನದ ಕೆಲವು ಕಡೆ ಧಾರವಾಡ, ಗದಗದ ಎರೆ ಭೂಮಿಯಂಥ ಕಪ್ಪು ಮಣ್ಣಿದೆ. ಮಳೆ ಬಂದರೆ ಲ್ಯಾಂಡ್ ಕ್ರೂಸರ್ ಕೂಡ ಹೂತುಕೊಳ್ಳುತ್ತದೆ. ಆ ಮಣ್ಣಿನಲ್ಲಿ ಒಂದು ಕುಳ್ಳ ಜಾಲಿ ಬೆಳೆಯುತ್ತದೆ. ಮುಳ್ಳಿನ ಬುಡದಲ್ಲಿ ನಿಂಬೆಗಿಂತ ಸ್ವಲ್ಪ ಚಿಕ್ಕದಾದ ಕಪ್ಪು ಗಂಟುಗಳು. ಒಳಗೆ ಟೊಳ್ಳು. ಇರುವೆಗಳು ಅದಕ್ಕೆ ತೂತು ಕೊರೆದು ಒಳಗೇ ಸಂಸಾರ ಹೂಡಿರುತ್ತವೆ. ಜೋರು ಗಾಳಿ ಬೀಸಿದರೆ ಆ ತೂತುಗಳಿಂದ ಸಣ್ಣಗೆ ಸೀಟಿ ಕೇಳುತ್ತದೆ. ರಸ್ತೆ ಪಕ್ಕದ ಗಿಡ ಗಾಡಿಗೆ ಸವರಿಕೊಂಡರೆ ಸಾಕು, ಇರುವೆಗಳು ಕ್ಷಣದಲ್ಲಿ ಗಂಟಿನ ಮೇಲೆಲ್ಲ ಹರಡಿಕೊಳ್ಳುತ್ತವೆ. ಆನೆ ಸೊಂಡಿಲು ಹಾಕಿದರೂ ಇದೇ ಕಥೆ. ಸೊಂಡಿಲೊಳಗೆ ಇರುವೆ ನುಗ್ಗುವುದು ಯಾವ ಆನೆಗೂ ಬೇಡ. ಅದಕ್ಕೇ ಈ ಗಿಡಗಳನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ.

ಈ ಇರುವೆಯ ವಿಷಯ ಹೇಳಿದಾಗ ಗಾಡಿಯಲ್ಲಿ ಯಾರಾದರೂ ಆಕಳಿಸುತ್ತಾರೆ. ಆಗ ಕೀನ್ಯಾದ ಲೈಕಿಪಿಯಾದಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಲ್ಲಿಗೆ ಹೊರಗಿನಿಂದ ದೊಡ್ಡ ತಲೆಯ ಇರುವೆ ಬಂದು ಸೇರಿತು. ಇದೇ ಜಾಲಿಗಳನ್ನು ಕಾಯುತ್ತಿದ್ದ ಸ್ಥಳೀಯ ಇರುವೆಗಳನ್ನು ಕೊಂದು ಹಾಕಿತು. ಕಾವಲು ಹೋದ ಮೇಲೆ ಆನೆಗಳು ಗಿಡಗಳನ್ನು ಮುರಿದವು. ಜಾಗ ಬಯಲಾಯಿತು. ಅವಿತುಕೊಳ್ಳಲು ಮರೆ ಇಲ್ಲದೆ ಸಿಂಹಗಳಿಗೆ ಜೀಬ್ರಾ ಸಿಗುವುದು ಕಡಿಮೆಯಾಗಿ, ಅವು ಕಾಡೆಮ್ಮೆಗಳ ಕಡೆ ತಿರುಗಿದವು. 2024ರಲ್ಲಿ ಈ ಅಧ್ಯಯನ ಪ್ರಕಟವಾದ ಮೇಲೆ ನನ್ನ ಕೆಲಸ ಸುಲಭವಾಯಿತು. ಇರುವೆಯಿಂದ ಶುರು ಮಾಡಿದರೂ ಕೊನೆಗೆ ಸಿಂಹಕ್ಕೇ ಬಂದು ನಿಲ್ಲಬಹುದು, ಅಲ್ವಾ?

ಇನ್ನು ಬಾವೋಬಾಬ್. ತರಂಗಿರೆಯ ಗುರುತೇ ಅದು. ಹಾವೇರಿ ಕಡೆಯ ಅಮ್ಮ ಒಬ್ಬರು ಮೊದಲ ಮರ ಕಂಡ ತಕ್ಷಣ "ಇದು ನಮ್ಮ ಸವಣೂರಿನ ದೊಡ್ಡಹುಣಸಿ ಗಿಡ ಅಲ್ಲೇನ್ರಿ?" ಅಂದರು. ಹೌದು, ಅದೇ ಜಾತಿ. ಸವಣೂರಿನ ಮಠದಲ್ಲಿ ಅಂಥ ಮೂರು ಮರಗಳಿವೆ. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಉರುಳಿ ಬಿದ್ದಾಗ ಅದನ್ನು ಮತ್ತೆ ಎತ್ತಿ ನೆಟ್ಟಿದ್ದನ್ನು ಇಡೀ ಗಾಡಿಗೆ ವಿವರಿಸಿದವರು ಅವರೇ. ಆ ಹೊತ್ತು ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಬಾವೋಬಾಬ್ ಹತ್ತಿರ ಗಾಡಿ ನಿಲ್ಲಿಸಿದರೆ ಮೊದಲು ಬುಡ ತೋರಿಸುತ್ತೇನೆ. ಆನೆಯ ಸೊಂಡಿಲು ಎಟಕುವ ಎತ್ತರದವರೆಗೂ ತೊಗಟೆ ಕಿತ್ತು ಹೋಗಿರುತ್ತದೆ. ದಂತದಿಂದ ಚುಚ್ಚಿ, ನಾರನ್ನು ಪಟ್ಟಿ ಪಟ್ಟಿಯಾಗಿ ಎಳೆದ ಗುರುತು. ಹಳೆಯ ಗಾಯದ ಅಂಚು ದುಂಡಗೆ ಉಬ್ಬಿ ಮಾಸಿದ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಹೊಸ ಗಾಯ ಕಂದು ಕೆಂಪು. ಒಳಗಿನ ಮರ ಗಟ್ಟಿಯಲ್ಲ. ನಾರುನಾರಾಗಿ, ನೀರು ತುಂಬಿಕೊಂಡಿರುತ್ತದೆ. ಒಣ ಕಾಲದಲ್ಲಿ ಆನೆಗೆ ಬೇಕಿರುವುದು ಆ ನೀರು. ಬೇರೆ ಮರಗಳಿಗೆ ಸುತ್ತಲೂ ತೊಗಟೆ ಸುಲಿದರೆ ಕಥೆ ಮುಗಿಯಿತು. ಇದು ಮತ್ತೆ ತೊಗಟೆ ಬೆಳೆಸಿಕೊಳ್ಳುತ್ತದೆ. ಹಾಗಂತ ಎಲ್ಲ ಮರವೂ ಉಳಿಯುವುದಿಲ್ಲ, ತೀರಾ ಕೊರೆದರೆ ಒಂದು ದಿನ ಕುಸಿದು ಬೀಳುತ್ತದೆ. ಬಿಳಿ ಹೂವು ಸಂಜೆ ಅರಳುತ್ತದೆ, ಬಾವಲಿಗಳು ಪರಾಗ ಒಯ್ಯುತ್ತವೆ. ಹಣ್ಣಿನ ತಿರುಳು ಹುಳಿ, ಪುಡಿಪುಡಿ. ಸಕ್ಕರೆ, ಕೆಂಪು ಬಣ್ಣ ಹಾಕಿದ ಇದರ ಬೀಜಗಳನ್ನು "ಉಬುಯು" ಅಂತ ಅಂಗಡಿಗಳಲ್ಲಿ ಮಾರುತ್ತಾರೆ. ವಾಪಸ್ ಹೋಗುವಾಗ ನಮ್ಮವರ ಬ್ಯಾಗಿನಲ್ಲಿ ಅದು ಇದ್ದೇ ಇರುತ್ತದೆ, ಚಿಪ್ಪಿನ ಸರ ಇಲ್ಲದಿದ್ದರೂ.

ಅದೇ ಮರದ ಪೊಟರೆಗಳಲ್ಲಿ ಹಳದಿ ಕೊರಳಪಟ್ಟಿಯ ಲವ್‌ಬರ್ಡ್‌ಗಳು ಗೂಡು ಮಾಡುತ್ತವೆ. ಬೆಂಗಳೂರಿನಲ್ಲಿ ಪಂಜರದಲ್ಲಿ ಮಾರುವ ಹಕ್ಕಿ ಇಲ್ಲಿ ಗುಂಪು ಗುಂಪಾಗಿ ಹಾರುವುದನ್ನು ನೋಡಿ ಮಕ್ಕಳು ಸುಮ್ಮನಾಗುತ್ತಾರೆ. ದೊಡ್ಡವರಿಗೆ ಹಕ್ಕಿಗಳ ಮೇಲೆ ಮನಸ್ಸು ಬರುವುದು ಸ್ವಲ್ಪ ತಡ. ಹಾಗಾಗಿ ನಾನು ಅಪರೂಪದ್ದರಿಂದ ಶುರು ಮಾಡುವುದಿಲ್ಲ, ಅವರಿಗೆ ಗೊತ್ತಿರುವುದರ ನೆಂಟರಿಂದ ಶುರು ಮಾಡುತ್ತೇನೆ. ನೀಲಕಂಠ ನಮ್ಮ ರಾಜ್ಯಪಕ್ಷಿ. ಅದರ ಹತ್ತಿರದ ಸಂಬಂಧಿ ಇಲ್ಲಿ ನೇರಳೆ ಎದೆ, ಉದ್ದ ಬಾಲದ ಗರಿ ಹೊತ್ತು ಪ್ರತಿ ಒಣ ಕೊಂಬೆಯ ತುದಿಯಲ್ಲೂ ಕೂತಿರುತ್ತದೆ. ಕುಟ್ರು ಹಕ್ಕಿ ನಮ್ಮಲ್ಲಿ ಎಲೆ ಮರೆಯಲ್ಲಿ ಕೂತು ಕೂಗುತ್ತದೆ. ಇಲ್ಲಿನ ಒಂದು ಜಾತಿ ನೆಲದ ಹತ್ತಿರವೇ ವಾಸ. ಗಂಡು ಹೆಣ್ಣು ಎದುರುಬದುರು ಕೂತು, ಬಾಲ ಎತ್ತಿ, ತಲೆ ಅಲ್ಲಾಡಿಸುತ್ತಾ ಜೊತೆಯಾಗಿ ಹಾಡುತ್ತವೆ. ಗೂಡು ಸಮತಟ್ಟಾದ ನೆಲದಲ್ಲಿ ನೇರ ಕೆಳಗೆ ಕೊರೆದ ಬಿಲ. ಇದನ್ನು ಒಮ್ಮೆ ನೋಡಿದ ಮೇಲೆ ಬೂದು ಮೈನಾ, ಕೆಂಪು ಬಾಲದ ಗೀಜಗ ತೋರಿಸಿ, ಇವೆರಡೂ ಹೆಚ್ಚುಕಡಿಮೆ ತಾಂಜಾನಿಯಾಗೇ ಸೀಮಿತ ಅಂದರೆ ಕ್ಯಾಮೆರಾಗಳು ತಾವಾಗಿಯೇ ಮೇಲೇಳುತ್ತವೆ.

ಈ ಪಾಠ ನನ್ನ ಆಫೀಸ್ ಕೆಲಸಕ್ಕೂ ಬಂತು. ಟೂರ್ ಮಾರುವಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ "ಬಿಗ್ ಫೈವ್ ಗ್ಯಾರಂಟಿನಾ?" ಅದು ಹಿಂದೆ ಬೇಟೆಗಾರರು ಮಾಡಿದ ಪಟ್ಟಿ: ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ. ತರಂಗಿರೆಯಲ್ಲಿ ಘೇಂಡಾಮೃಗ ಇಲ್ಲ. ಕಳ್ಳಬೇಟೆಗೆ ಸಿಕ್ಕಿ ಮುಗಿದು ಹೋದವು. ಇದನ್ನು ಫೋನಿನಲ್ಲೇ ಹೇಳಿಬಿಡುತ್ತೇನೆ. ಎರಡನೇ ಪ್ರಶ್ನೆ ತಿಂಗಳದು. ಜೂನ್‌ನಿಂದ ಅಕ್ಟೋಬರ್ ಒಣ ಕಾಲ. ಸುತ್ತಮುತ್ತ ಎಲ್ಲೂ ನೀರಿರುವುದಿಲ್ಲ, ತರಂಗಿರೆ ನದಿ ಮಾತ್ರ ಇರುತ್ತದೆ. ಎಲ್ಲ ಪ್ರಾಣಿಗಳೂ ಅಲ್ಲಿಗೇ. ನದಿ ಬತ್ತಿದ ಕಡೆ ಆನೆಗಳು ಮರಳು ತೋಡಿ ನೀರು ತೆಗೆಯುತ್ತವೆ. ಮಳೆ ಶುರುವಾದರೆ ವಿಲ್ಡೆಬೀಸ್ಟ್, ಜೀಬ್ರಾಗಳು ಉದ್ಯಾನ ಬಿಟ್ಟು ಪೂರ್ವದ ಸಿಮಾಂಜಿರೋ ಬಯಲಿಗೆ ಹೊರಡುತ್ತವೆ. ಅಲ್ಲಿನ ಹುಲ್ಲಿನಲ್ಲಿ ರಂಜಕ ಜಾಸ್ತಿ, ಹಾಲುಣಿಸುವ ತಾಯಂದಿರಿಗೆ ಅದು ಬೇಕು. ಆ ಬಯಲು ಮಾಸಾಯಿ ಜನರ ಹಳ್ಳಿಗಳದ್ದು. ಅಲ್ಲಿ ಹೊಲ ಹೂಡಿದರೆ ಇವುಗಳ ದಾರಿ ಮುಚ್ಚುತ್ತದೆ. ಕೆಲವು ಪ್ರವಾಸಿ ಕಂಪನಿಗಳು ಸೇರಿ ತೆರಾಟ್ ಅನ್ನುವ ಹಳ್ಳಿಗೆ ದುಡ್ಡು ಕೊಟ್ಟು, ದನ ಮೇಯಲಿ, ಉಳುಮೆ ಬೇಡ ಅಂತ ಒಪ್ಪಂದ ಮಾಡಿಕೊಂಡವು. ನಮ್ಮ ಉದ್ಯಮ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಮಾರ್ಚ್‌ನಲ್ಲಿ ಬರುತ್ತೇನೆ ಅನ್ನುವವರಿಗೆ ನಾನು ಸುಳ್ಳು ಹೇಳುವುದಿಲ್ಲ. ದೊಡ್ಡ ಹಿಂಡು ಕಡಿಮೆ, ಹುಲ್ಲು ಎತ್ತರ, ಹಕ್ಕಿ ಬೇಕಾದಷ್ಟು. ಅಷ್ಟು ಕೇಳಿಯೂ ಬಂದವರು ಖುಷಿಯಾಗಿಯೇ ಹೋಗಿದ್ದಾರೆ.

ಆನೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. 1993ರಲ್ಲಿ ಇಲ್ಲಿ ಭಾರಿ ಬರ ಬಂತು. ಆ ವರ್ಷದಿಂದಲೇ ಸಂಶೋಧಕ ಚಾರ್ಲ್ಸ್ ಫೋಲಿ ಇಲ್ಲಿನ ಆನೆಗಳ ಅಧ್ಯಯನ ಶುರು ಮಾಡಿದ್ದರು. ಗುರುತು ಹಿಡಿದಿದ್ದ 81 ಮರಿಗಳಲ್ಲಿ 16 ಸತ್ತವು. ಹೆಚ್ಚು ಮರಿ ಉಳಿಸಿಕೊಂಡದ್ದು ಉದ್ಯಾನ ಬಿಟ್ಟು ಹೊರಗೆ ಹೋದ ಗುಂಪುಗಳು. ಅವುಗಳ ಅಜ್ಜಿಯರಿಗೆ ಹಿಂದಿನ ದೊಡ್ಡ ಬರದ ನೆನಪಿದ್ದಿರಬೇಕು ಅನ್ನುವುದು ಸಂಶೋಧಕರ ಊಹೆ. ದೊಡ್ಡ ದಂತ ಬೇಕೆಂದು ಕಳ್ಳಬೇಟೆಯವರು ಇಂಥ ಅಜ್ಜಿಯರನ್ನೂ ಗುರಿ ಮಾಡುತ್ತಾರೆ. ಗಾಡಿಯಲ್ಲಿ ಇಷ್ಟು ಹೇಳಿದ ಮೇಲೆ ಗುಂಪಿನ ಮುಂದೆ ನಡೆಯುವ ಹೆಣ್ಣಾನೆಯನ್ನು ಎಲ್ಲರೂ ಬೇರೆ ಥರ ನೋಡುತ್ತಾರೆ.

ಬರುವವರಿಗೆ ಕಳಿಸುವ ಪತ್ರವನ್ನೂ ಬದಲಾಯಿಸಿದ್ದೇನೆ. ಪ್ರಾಣಿಗಳ ಪಟ್ಟಿ ತೆಗೆದು ಐದು ಮರಗಳ ಚಿತ್ರ ಹಾಕಿದ್ದೇನೆ. ಅದರಲ್ಲಿ ಆನೆತೊರಡುಕಾಯಿ ಮರವನ್ನು ಕಬ್ಬನ್ ಪಾರ್ಕಿನಲ್ಲೇ ನೋಡಿಕೊಂಡು ಬನ್ನಿ ಅಂತ ಬರೆದಿದ್ದೇನೆ. ಬಟ್ಟೆಯ ವಿಷಯ ಮಾತ್ರ ದಪ್ಪ ಅಕ್ಷರದಲ್ಲಿದೆ: ನೀಲಿ, ಕಪ್ಪು ಬೇಡ. ತ್ಸೆತ್ಸೆ ನೊಣಕ್ಕೆ ಆ ಬಣ್ಣಗಳೆಂದರೆ ಪ್ರೀತಿ. ರಸ್ತೆ ಬದಿಯಲ್ಲಿ ನೇತುಹಾಕಿರುವ ನೀಲಿ-ಕಪ್ಪು ಬಟ್ಟೆಗಳು ಅದಕ್ಕೆ ಇಟ್ಟ ಬಲೆ. ಜೀನ್ಸ್ ದಪ್ಪ ಇದೆಯಲ್ಲ ಅಂತ ವಾದ ಮಾಡಬೇಡಿ, ಅದರ ಮೇಲಿಂದಲೂ ಕಚ್ಚುತ್ತದೆ. ಬೈಯುವ ಮುಂಚೆ ಇದೂ ಗೊತ್ತಿರಲಿ: ಈ ನೊಣ ಹರಡುವ ರೋಗಕ್ಕೆ ದನ ಸಾಯುತ್ತವೆ, ಹಾಗಾಗಿಯೇ ಈ ಕಾಡಿಗೆ ದನಗಾಹಿಗಳು ಬಂದು ನೆಲೆಸಲಿಲ್ಲ. ಮಟೆಟೆ ಪಿಕ್ನಿಕ್ ಜಾಗದಲ್ಲಿ ಕೋತಿಗಳಿವೆ, ಚಿತ್ರಾನ್ನದ ಡಬ್ಬಿ ತೆರೆದಿಟ್ಟು ಫೋಟೋಗೆ ನಿಲ್ಲಬೇಡಿ. ಪ್ಲಾಸ್ಟಿಕ್ ಚೀಲ 2019ರಿಂದ ದೇಶದಲ್ಲೇ ನಿಷೇಧ, ಮನೆಯಲ್ಲೇ ಬಿಟ್ಟು ಬನ್ನಿ. ಬೈನಾಕ್ಯುಲರ್ ಗಂಡನಿಗೊಂದು, ಹೆಂಡತಿಗೊಂದು ತನ್ನಿ. ಒಂದನ್ನೇ ಹಂಚಿಕೊಳ್ಳುತ್ತೇವೆ ಅಂದವರು ಮೊದಲ ಚಿರತೆಯ ಹೊತ್ತಿಗೇ ಜಗಳಕ್ಕೆ ಬಿದ್ದಿರುತ್ತಾರೆ.