ಇಲ್ಲಿ ಅಂದ್ರೆ ಎಲ್ಲೋ?

ಮಂಗಳವಾರದಿಂದ ಕಿವಿಯಲ್ಲಿ ಒಂದೇ ಮಾತು ಕೂತಿದೆ. "ಇಲ್ಲಿ ಅಂದ್ರೆ ಎಲ್ಲೋ?"

ಕೇಳಿದವರು ನನ್ನ ಹೈಸ್ಕೂಲಿನ ಭೂಗೋಳದ ಮೇಷ್ಟ್ರು. ಗ್ಲಾಕೋಮಾದಿಂದ ಅವರ ದೃಷ್ಟಿ ಹೋಗಿ ಎಂಟು ವರ್ಷ ಆಯ್ತು. ಶಿವಮೊಗ್ಗದ ಒಂದು ಪತ್ತಿನ ಸಹಕಾರ ಸಂಘದ ವೆಬ್‌ಸೈಟ್ ನಾನು ಮಾಡಿದ್ದು, ಅವರು ಆ ಸಂಘದ ಹಳೇ ಸದಸ್ಯರು. ಸಾಲದ ಅರ್ಜಿ ಸಿಗ್ತಿಲ್ಲ, ಬಂದು ನೋಡು ಅಂದರು. ಒಳಗೊಳಗೇ ಸ್ವಲ್ಪ ಸಿಟ್ಟು ಬಂತು. ಅಷ್ಟು ದೊಡ್ಡ ಹಸಿರು ಬಟನ್ ಹಾಕಿದ್ದೀನಲ್ಲ!

ಅವರ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಇದೆ. ಪರದೆ ಮೇಲಿರೋದನ್ನು ಓದಿ ಹೇಳುವ ತಂತ್ರಾಂಶ, ಪುಕ್ಕಟೆ. 2006ರಲ್ಲಿ ಅದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಅವರಿಗೂ ಕಣ್ಣು ಕಾಣಿಸುವುದಿಲ್ಲ. ಅದು ಓದುವ ವೇಗಕ್ಕೆ ನನಗೆ ಒಂದು ಪದವೂ ಹಿಡಿಯಲಿಲ್ಲ. "ತಾಳು, ನಿನಗೋಸ್ಕರ ನಿಧಾನ ಮಾಡ್ತೀನಿ" ಅಂದರು, ಹಿಂದಿನ ಬೆಂಚಿನವರಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ. ಆಮೇಲೆ ಇನ್ಸರ್ಟ್ ಜೊತೆ ಎಫ್7 ಒತ್ತಿದರು. ಪುಟದ ಲಿಂಕುಗಳೆಲ್ಲ ಒಂದು ಪಟ್ಟಿಯಾಗಿ ಬಂದವು. ಇಡೀ ಪುಟ ಕೇಳುತ್ತಾ ಕೂರುವ ಬದಲು ಬೇಕಾದ ಲಿಂಕನ್ನು ಅಲ್ಲಿಂದಲೇ ಹಿಡಿಯಬಹುದು.

ಬಾಣದ ಕೀ ಒತ್ತುತ್ತಾ ಹೋದರು. ಇಲ್ಲಿ ಕ್ಲಿಕ್ ಮಾಡಿ. ಇಲ್ಲಿ ಕ್ಲಿಕ್ ಮಾಡಿ. ಇನ್ನಷ್ಟು ಓದಿ. ಇಲ್ಲಿ ಕ್ಲಿಕ್ ಮಾಡಿ. ಒಟ್ಟು 14 'ಇಲ್ಲಿ'. ನನ್ನ ಹೆಮ್ಮೆಯ ಹಸಿರು ಬಟನ್ ಒಂದು ಚಿತ್ರ, ಅದಕ್ಕೆ ವಿವರಣೆ ಬರೆದೇ ಇರಲಿಲ್ಲ, ಹಾಗಾಗಿ ಅದರ ಸರದಿ ಬಂದಾಗ ಫೈಲಿನ ಹೆಸರಿನ ಅಕ್ಷರ, ಅಂಕಿಗಳನ್ನೇ ಗೊಣಗಿ ಮುಂದೆ ಹೋಯ್ತು.

ಆಗ ಅವರು ಕೈ ನಿಲ್ಲಿಸಿ ಕೇಳಿದ್ದು. "ಇಲ್ಲಿ ಅಂದ್ರೆ ಎಲ್ಲೋ?"

ಈ ಪ್ರಶ್ನೆ ಅವರ ಬಾಯಿಂದ ಮೊದಲೂ ನನ್ನ ಕಿವಿಗೆ ಬಿದ್ದಿತ್ತು. ಎಂಟನೇ ಕ್ಲಾಸು, ಗೋಡೆ ಮೇಲೆ ನಕ್ಷೆ. ತುಂಗೆ, ಭದ್ರೆ ಸೇರೋದು ಎಲ್ಲಿ ಅಂದರೆ ನಾನು ಬೆರಳಿಟ್ಟು "ಇಲ್ಲಿ ಸಾರ್" ಅಂದಿದ್ದೆ. "ಇಲ್ಲಿ ಅಂದ್ರೆ ಎಲ್ಲೋ? ಕೂಡ್ಲಿ ಅಂತ ಬಾಯಲ್ಲಿ ಹೇಳೋಕೆ ಏನು ಕಷ್ಟ?" ಆಗ ಅವರಿಗೆ ಕಣ್ಣು ಚೆನ್ನಾಗೇ ಕಾಣುತ್ತಿತ್ತು.

ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ, ಲಿಂಕುಗಳ ಹೆಸರೆಲ್ಲ ಬದಲಾಯಿಸ್ತೀನಿ ಅಂದೆ. "ಕಣ್ಣಿಲ್ಲದವರು ಸೈಟಿಗೆ ಯಾಕ್ರೀ ಬರ್ತಾರೆ?" ಅಂದರು. ಕೆಟ್ಟ ಮನುಷ್ಯ ಅಲ್ಲ ಅವರು, ಆದರೆ ಕಾಣದ್ದರ ಬಗ್ಗೆ ಯೋಚಿಸುವ ಅಭ್ಯಾಸ ಇಲ್ಲ. ಲಿಂಕಿನ ಕೆಳಗಿನ ಗೆರೆ ತಪ್ಪು ತಿದ್ದಿದ ಹಾಗೆ ಕಾಣುತ್ತೆ ಅಂತ ತೆಗೆಸಿದ್ದೂ ಅವರೇ. ನಾನೂ ಸುಮ್ನೆ ತೆಗೆದೆ. ಈಗ ನಮ್ಮಮ್ಮನಿಗೆ, ಪೊರೆ ಬಂದ ಕಣ್ಣಿಗೆ, ಅದು ಲಿಂಕೋ ಮಾತೋ ಗೊತ್ತಾಗಲ್ಲ.

ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆ ಎಲ್ಲರ ಕೈಗೆ ಎಟುಕುವುದು ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ ಅಂದೆ. "ಅದು ದೊಡ್ಡ ಬ್ಯಾಂಕುಗಳಿಗೆ" ಅಂದರು. ನನಗೂ ಏನು ಬಾಯಿದೆ ಹೇಳಿ? ಲಿಂಕು ಎಲ್ಲಿಗೆ ಹೋಗುತ್ತೆ ಅಂತ ತಿಳಿಯಬೇಕು ಅನ್ನೋದು ವೆಬ್‌ನ ಜಾಗತಿಕ ಮಾರ್ಗಸೂಚಿಯಲ್ಲಿ 2008ರಿಂದಲೇ ಇದೆ, ಅದೂ ಕನಿಷ್ಠ ದರ್ಜೆಯ ನಿಯಮವಾಗಿ. ಇಷ್ಟು ವರ್ಷ ಇದೇ ಕೆಲಸ ಮಾಡಿಕೊಂಡು ಬಂದವನು ನಾನು.

ಮೇಷ್ಟ್ರು ಮನೆಗೆ ದಾರಿ ಹೇಳಿದ್ದು ನೆನಪಾಗುತ್ತೆ. "ಹಿಟ್ಟಿನ ಗಿರಣಿ ದಾಟಿ ಎರಡನೇ ಗೇಟು. ತೆಗೆದರೆ ಕಿರುಗುಟ್ಟುತ್ತೆ. ನಾಲ್ಕು ಮೆಟ್ಟಿಲು, ಎಡಗಡೆ ಬಾಗಿಲು." ನಾನಾಗಿದ್ದರೆ "ಅಲ್ಲೇ, ಆ ಕಡೆ, ಬಂದ್ರೆ ಕಾಣುತ್ತೆ" ಅಂತಿದ್ದೆ. ನಾವು ಮಾತಾಡೋದೇ ಹಾಗಲ್ವಾ? ಕೌಂಟರಿನಲ್ಲಿ "ಇಲ್ಲಿ ಸೈನ್ ಮಾಡಿ", ಆಸ್ಪತ್ರೆಯಲ್ಲಿ "ಅಲ್ಲಿ ಹೋಗಿ". ಅರ್ಧ ಮಾತು ಬಾಯಲ್ಲಿ, ಇನ್ನರ್ಧ ಬೆರಳಲ್ಲಿ.

ಗುರುವಾರ ರಾತ್ರಿ ಕೂತು 14 'ಇಲ್ಲಿ'ಗಳನ್ನೂ ಅಳಿಸಿದೆ. ಸಾಲದ ಅರ್ಜಿ, ಪಿಡಿಎಫ್, 2 ಪುಟ. ಠೇವಣಿ ಬಡ್ಡಿ ದರ. ಗೆರೆಯನ್ನೂ ವಾಪಸ್ ತಂದೆ, ಕಾರ್ಯದರ್ಶಿಗೆ ಹೇಳಲಿಲ್ಲ.

ಬೆಳಿಗ್ಗೆ ಮೇಷ್ಟ್ರ ಫೋನು. "ಲಿಂಕ್ ಸಿಕ್ತು ಕಣೋ, ಒಂದೇ ಸಲಕ್ಕೆ." ನಾನು ಉಬ್ಬುವಷ್ಟರಲ್ಲಿ ಮುಂದುವರಿಸಿದರು. "ಆದ್ರೆ ಅರ್ಜಿ ತೆಗೆದ್ರೆ ಖಾಲಿ ಅಂತಿದೆಯಲ್ಲ?"

ಸಂಘದವರು ಕಾಗದದ ಅರ್ಜಿಯನ್ನು ಸ್ಕ್ಯಾನ್ ಮಾಡಿ ಕೊಟ್ಟಿದ್ದರು. ಅದೂ ಬರೀ ಚಿತ್ರ. ಈಗ ಟೈಪ್ ಮಾಡುತ್ತಾ ಕೂತಿದ್ದೇನೆ, ಇನ್ನೂ ಮೊದಲನೇ ಪುಟ.